ಒಂಬತ್ತು ದೂರುಗಳ ದ್ಯಾವಯ್ಯ

ಹಳೇಬೀಡಿನ ದೇವಸ್ಥಾನ ನೋಡಿ ಮುಗಿಸಿದವರು, ಬಸ್ಸಿಗೆ ಇನ್ನೂ ಹೊತ್ತಿದ್ದರೆ ಮಾತ್ರ, ವಿಜ್ಞಾನ ಸಂಗ್ರಹಾಲಯದ ಕಡೆ ಕಾಲು ಹಾಕುತ್ತಿದ್ದರು. ಬಸ್ತಿಹಳ್ಳಿ ರಸ್ತೆಯ ಆ ಕಟ್ಟಡವನ್ನು ನಡೆಸುತ್ತಿದ್ದುದು ಅರಸೀಕೆರೆಯಲ್ಲಿ ಕಚೇರಿ ಮಾಡಿಕೊಂಡಿದ್ದ ಒಂದು ಮಂಡಳಿ. ನಡೆಸುತ್ತಿದ್ದುದು ಅಂದರೇನು, ಉದ್ಘಾಟನೆಯ ದಿನ ಟೇಪು ಕತ್ತರಿಸಿ, ಫೋಟೊ ಹಿಡಿಸಿಕೊಂಡು, ಕೇಸರಿಬಾತು ತಿಂದು ಹೋದ ಮಹನೀಯರು ಆಮೇಲೆ ಆ ಕಡೆ ತಲೆ ಹಾಕಿಯೂ ಮಲಗಲಿಲ್ಲ. ಒಳಗಿದ್ದ ಹದಿನಾರು ಯಂತ್ರಗಳಲ್ಲಿ ಹತ್ತು ಮೊದಲ ಮಳೆಗಾಲಕ್ಕೇ ಕೆಟ್ಟು ಕೂತವು. ಅವನ್ನೆಲ್ಲ ಹನ್ನೊಂದು ವರ್ಷ ಸಾಕಿದವನು ದ್ಯಾವಯ್ಯ.

ದ್ಯಾವಯ್ಯ ಬಸ್ತಿಹಳ್ಳಿಯವನೇ. ಓದಿದ್ದು ಏಳನೇ ಕ್ಲಾಸು, ಕಲಿತದ್ದು ಪಂಪ್‌ಸೆಟ್ಟಿನ ಮೋಟರಿಗೆ ತಂತಿ ಸುತ್ತುವ ಕೆಲಸ. ತೊಂಬತ್ತೇಳನೇ ಇಸವಿಯಲ್ಲಿ ದಿನಗೂಲಿ ಮೇಲೆ ಸೇರಿಸಿಕೊಳ್ಳುವಾಗ, ಇವತ್ತಲ್ಲ ನಾಳೆ ಕಾಯಂ ಆಗುತ್ತದೆ ಎಂದಿದ್ದರು. ಮಂಡಳಿಯ ಪುಸ್ತಕದಲ್ಲಿ ಅವನ ಹೆಸರಿದ್ದುದು ಪೊರಕೆ, ಫಿನಾಯಿಲು ಬರೆಯುವ ‘ಇತರೆ’ ಎಂಬ ಪುಟದಲ್ಲಿ. ಅದನ್ನೊಮ್ಮೆ ಕಣ್ಣಾರೆ ನೋಡಿಬಿಟ್ಟ ಮೇಲೆ ಅವನಿಗೆ ಒಂದೇ ಹಟ ಹತ್ತಿತು: ಒಂದು ಕಾಗದದಲ್ಲಾದರೂ ತನ್ನನ್ನು ನೌಕರ ಎಂದು ಬರೆಯಬೇಕು.

ಕೆಟ್ಟ ಯಂತ್ರಗಳಿಗೆ ಬಿಡಿಭಾಗ ಬೇಕೆಂದು ಅವನು ಬರೆಸಿದ ಅರ್ಜಿಗಳು ಅರಸೀಕೆರೆಯಲ್ಲಿ ಎಲ್ಲಿ ಗೂಡು ಕಟ್ಟಿದವೋ ದೇವರೇ ಬಲ್ಲ. ಬಂದವರು ಮಾತ್ರ ಗುಂಡಿ ಒತ್ತಿ, ಏನೂ ಆಗದೆ, ಮುಖ ಸಿಂಡರಿಸಿ ಹೊರಡುತ್ತಿದ್ದರು. ಒಂದು ದಿನ ತಡೆಯಲಾರದೆ ಅವನು ಪೆಡಲ್ ತುಳಿದರೆ ಬಲ್ಬು ಉರಿಯಬೇಕಾದ, ಆದರೆ ಚೈನು ತುಂಡಾಗಿದ್ದ ಸೈಕಲನ್ನು ಮಾದಿಹಳ್ಳಿಯ ಶಾಲೆಯ ಮಕ್ಕಳ ಎದುರಿಗೇ ಬಿಚ್ಚಿ ಹಾಕಿದ. ಡೈನಮೋ ಈಚೆ ತೆಗೆದು ಒಬ್ಬೊಬ್ಬರ ಕೈಗೂ ಕೊಟ್ಟ.

“ತಿರುಗ್ಸಿ. ಹಗುರ ಐತಲ್ಲ? ಈಗ ಬಲ್ಬ್ ತಂತಿ ಸಿಕ್ಕುಸ್ತೀನಿ, ತಿರುಗ್ಸಿ. ಬಿಗಿ ಆಯ್ತಾ? ಬೆಳಕು ಸುಮ್ಸುಮ್ನೆ ಬರಾಕಿಲ್ಲ ಕಣ್ರಪ್ಪ, ಯಾರಾದ್ರೂ ಒಬ್ರು ರೆಟ್ಟೆ ನೋಯಿಸ್ಕಬೇಕು.”

ಮಕ್ಕಳು ಮೇಲೆ ಬಿದ್ದು ತಿರುಗಿಸಿದವು. ಬಸ್ಸು ತಪ್ಪುತ್ತದೆಂದು ಮೇಷ್ಟ್ರು ಕೂಗಿದರೂ ಅಲುಗಲಿಲ್ಲ. ಅಂದಿನಿಂದ ದ್ಯಾವಯ್ಯನ ಕ್ರಮವೇ ಅದಾಯಿತು. ಯಾವುದು ಕೆಟ್ಟಿದೆಯೋ ಅದನ್ನು ಬಿಚ್ಚಿ, ಯಾಕೆ ಕೆಟ್ಟಿತೆಂದು ತೋರಿಸುವುದು.

ಎರಡು ಸಾವಿರದ ಎಂಟರಲ್ಲಿ ಕಾಯಂ ಮಾಡುವ ಫೈಲು ಕಡೆಗೂ ಮೇಲೆದ್ದಿತು. ಆಡಳಿತಾಧಿಕಾರಿ ನಂಜುಂಡಯ್ಯ ಫೋನಿನಲ್ಲಿ, “ಸಾರ್ವಜನಿಕರ ಅಭಿಪ್ರಾಯ ಇದ್ರೆ ತಂದು ಲಗತ್ತಿಸಪ್ಪ,” ಎಂದರು. ಅಭಿಪ್ರಾಯ ಎಲ್ಲಿಂದ ತರುವುದು? ಬಾಗಿಲ ಬಳಿಯ ಅಭಿಪ್ರಾಯ ಪುಸ್ತಕವನ್ನು ಗೆದ್ದಲು ಅಚ್ಚುಕಟ್ಟಾಗಿ ಓದಿ ಮುಗಿಸಿತ್ತು. ಆಗ ನೆರವಿಗೆ ಬಂದವಳು ಅವನ ಹೆಂಡತಿ ಬಸಮ್ಮನ ತಂಗಿ ಭಾಗ್ಯ. ಅವಳು ಅರಸೀಕೆರೆಯ ಒಂದು ಸೈಬರ್ ಅಂಗಡಿಯಲ್ಲಿ ಟೈಪು ಮಾಡುತ್ತಿದ್ದಳು.

“ಭಾವ, ದೇವಸ್ಥಾನ ನೋಡಕ್ಕೆ ಬಂದೋರು ಇಂಟರ್‌ನೆಟ್ಟಲ್ಲಿ ನಿಮ್ ಮ್ಯೂಸಿಯಂ ಬಗ್ಗೆನೂ ಬರ್ದವ್ರೆ. ಒಂಬತ್ತು ಜನ! ಒಂಬತ್ರಲ್ಲೂ ನೀವೇ ಇದೀರ.”

ಅವಳು ಇಂಗ್ಲಿಷಿನಲ್ಲಿದ್ದುದನ್ನು ಒಂದೊಂದಾಗಿ ಕನ್ನಡಕ್ಕೆ ತಿರುಗಿಸಿ ಹೇಳಿದಳು. ಹೊಯ್ಸಳರ ಕಾಲದಿಂದ ಯಾರೂ ಗುಡಿಸಿಲ್ಲ ಎಂದು ಒಬ್ಬ ಬರೆದಿದ್ದ. ಪುಣೆಯ ಒಬ್ಬಾಕೆ ಬರೆದಿದ್ದಳು: ಯಂತ್ರಗಳೆಲ್ಲ ಕೆಟ್ಟಿವೆ, ಆದರೆ ಅಲ್ಲಿನ ಒಬ್ಬ ಮನುಷ್ಯ ಅವನ್ನು ಬಿಚ್ಚಿ ತೋರಿಸುತ್ತಾನೆ, ನನ್ನ ಮಗಳು ಶಾಲೆಯಲ್ಲಿ ಕಲಿಯದ್ದನ್ನು ಅರ್ಧ ಗಂಟೆಯಲ್ಲಿ ಕಲಿತಳು. ಮಾತು ಬೇರೆ ಬೇರೆ, ಧಾಟಿ ಒಂದೇ. ಕಟ್ಟಡಕ್ಕೆ ಛೀಮಾರಿ, ದ್ಯಾವಯ್ಯನಿಗೆ ಶಹಭಾಸ್. ಅವನು ಪುಣೆಯಾಕೆಯದನ್ನು ಇನ್ನೊಮ್ಮೆ ಓದಿಸಿ ಕೇಳಿದ. ಪ್ರಿಂಟು ಹಾಕಿಸಿ, ಮಡಿಕೆ ಬೀಳದಂತೆ ರಟ್ಟಿನ ನಡುವೆ ಇಟ್ಟುಕೊಂಡು, ತಾನೇ ಹೋಗಿ ಮಂಡಳಿಯ ಕಚೇರಿಗೆ ಕೊಟ್ಟು ಬಂದ.

ಅಲ್ಲಿ ಕಾಗದಗಳು ಗುಮಾಸ್ತ ಚನ್ನಬಸವಯ್ಯನ ಮೇಜಿಗೆ ಬಂದವು. ಈತ ಕೆಟ್ಟವನಲ್ಲ. ಕೆಟ್ಟವನಾಗಲೂ ತಲೆ ಓಡಿಸಬೇಕಾಗುತ್ತದೆ, ಈತ ಅಷ್ಟು ದೂರ ಹೋದವನಲ್ಲ. ಸಾರ್ವಜನಿಕರ ಪತ್ರ ಬಂದರೆ ಎರಡು ರಿಜಿಸ್ಟರು, ಒಂದು ಮೆಚ್ಚುಗೆಗೆ, ಇನ್ನೊಂದು ದೂರಿಗೆ. ಪತ್ರದಲ್ಲಿ ಒಂದೇ ಒಂದು ದೂರಿನ ಮಾತಿದ್ದರೂ ಇಡೀ ಪತ್ರ ದೂರಿನ ರಿಜಿಸ್ಟರಿಗೆ ಹೋಗಬೇಕು, ಇದು ಅವನು ಸೇರುವ ಮೊದಲಿನಿಂದ ಬಂದ ಪದ್ಧತಿ. ಒಂಬತ್ತರಲ್ಲೂ ಯಂತ್ರ ಕೆಟ್ಟ ಮಾತಿತ್ತು. ಒಂಬತ್ತೂ ದೂರಿಗೆ ಹೋದವು. ಅಲ್ಲಿ ‘ಸಂಬಂಧಪಟ್ಟವರು’ ಎಂಬ ಕಾಲಮಿತ್ತು. ಪತ್ರಗಳಲ್ಲಿದ್ದುದು ಒಬ್ಬನೇ ಮನುಷ್ಯ, ಆದ್ದರಿಂದ ಒಂಬತ್ತು ಸಲವೂ ದ್ಯಾವಯ್ಯ ಎಂದು ದುಂಡಗೆ ಬರೆದ.

ಹದಿನೈದು ದಿನಕ್ಕೆ ವಿಚಾರಣೆಗೆ ಕರೆ ಬಂತು. ಕಾಯಂ ಆರ್ಡರು ಕೊಡಲು ಕರೆದಿದ್ದಾರೆಂದು ದ್ಯಾವಯ್ಯ ಮದುವೆಗೆ ಹೊಲಿಸಿದ ಅಂಗಿ ಹಾಕಿಕೊಂಡು ಹೋದ.

“ನಿನ್ ಮೇಲೆ ಒಂಬತ್ತು ದೂರಿದಾವಲ್ಲಯ್ಯ,” ಎಂದರು ನಂಜುಂಡಯ್ಯ.

“ದೂರಾ? ಅವು ಹೊಗಳಿರೋದು ಸಾ. ಒಂದ್ಸಲ ಓದಿ ನೋಡಿ.”

“ಓದೋಕೇನಿದೆ, ರಿಜಿಸ್ಟರಲ್ಲೇ ಇದೆಯಲ್ಲ. ಯಂತ್ರ ಕೆಟ್ಟಿತ್ತೋ ಇಲ್ವೋ?”

“ಕೆಟ್ಟಿತ್ತು ಸಾ.”

“ನೀನು ಬಿಚ್ಚಿದೆಯೋ ಇಲ್ವೋ?”

“ಬಿಚ್ಚಿದೆ ಸಾ. ಆದ್ರೆ…”

“ಬರ್ಕೊಳ್ರೀ ಚನ್ನಬಸವಯ್ಯ, ಒಪ್ಕೊಂಡಿದಾನೆ.”

ಆ ಮೇಜಿನ ಮೇಲೆಯೇ ಒಂಬತ್ತು ಕಾಗದವೂ ಇದ್ದವು. ಓದಲು ಎಷ್ಟು ಹೊತ್ತು ಬೇಕಿತ್ತು, ಒಂದು ಲೋಟ ಕಾಫಿ ಕುಡಿಯುವಷ್ಟು. ಕಾಫಿಯನ್ನಂತೂ ಕುಡಿದರು. ದಿನಗೂಲಿ ದ್ಯಾವಯ್ಯನ ಅಗತ್ಯ ಇನ್ನಿಲ್ಲ ಎಂಬ ಆರ್ಡರು ಅಂದೇ ಟೈಪಾಯಿತು.

ವಾಪಸು ಬರುವಾಗ ಬಸ್ಸಿನಲ್ಲಿ ಅವನು ಅತ್ತ. ನಾಚಿಕೆಯಿಂದಲ್ಲ, ಆ ಕಾಗದಗಳನ್ನು ತಾನೇ ಹೊತ್ತು ಕೊಟ್ಟೆನಲ್ಲ ಎಂಬ ಸಂಕಟದಿಂದ. ತಿಂಗಳೊಳಗೆ ಹಳೇಬೀಡಿನ ಬಸ್‌ಸ್ಟ್ಯಾಂಡ್ ಹಿಂದೆ ಮೋಟರ್ ಸುತ್ತುವ ಅಂಗಡಿ ಇಟ್ಟ. ಕೈಯಲ್ಲಿ ಕೆಲಸವಿದ್ದವನು, ಕೆಡಲಿಲ್ಲ.

ದೂರು ಬಂತೆಂದರೆ ಮಂಡಳಿಗೆ ಅನುದಾನವೂ ಬರುತ್ತದೆ. ಹೊಸ ಯಂತ್ರಗಳು ಬಂದವು. ಒಂದೊಂದಕ್ಕೂ ಗಾಜಿನ ಪೆಟ್ಟಿಗೆ, ಪೆಟ್ಟಿಗೆಗೊಂದು ಬೀಗ, ಬೀಗದ ಮೇಲೆ ‘ಮುಟ್ಟಬೇಡಿ’ ಎಂಬ ಬೋರ್ಡು. ಮತ್ತೆ ಟೇಪು ಕತ್ತರಿಸಿದರು, ಮತ್ತೆ ಕೇಸರಿಬಾತು.

ಮರುವರ್ಷ ಇಂಟರ್‌ನೆಟ್ಟಿನಲ್ಲಿ ಹತ್ತನೆಯ ಅಭಿಪ್ರಾಯ ಬಂತು. ಭಾಗ್ಯ ಫೋನು ಮಾಡಿ ಓದಿ ಹೇಳಿದಳು: “ಎಲ್ಲವೂ ಸರಿಯಾಗಿದೆ. ನೋಡುವುದಕ್ಕೆ ಏನೂ ಇಲ್ಲ. ಐದು ನಿಮಿಷ ಸಾಕು. ಯಂತ್ರ ಬಿಚ್ಚಿ ತೋರಿಸುತ್ತಿದ್ದ ಮನುಷ್ಯನಿಗಾಗಿ ಮಗಳನ್ನು ಮತ್ತೆ ಕರೆದುಕೊಂಡು ಬಂದಿದ್ದೆ, ಅವರು ಇರಲಿಲ್ಲ.” ಪುಣೆಯ ಆಕೆಯೇ.

ಈಗ ಮಂಡಳಿಯವರೂ ಇಂಟರ್‌ನೆಟ್ ನೋಡುವುದನ್ನು ಕಲಿತಿದ್ದರು. ಚನ್ನಬಸವಯ್ಯ ಈ ಪತ್ರದಲ್ಲೂ ದೂರು ಹುಡುಕಿದ, ಸಿಕ್ಕಿತು. ಒಂದು ವಾರಕ್ಕೆ ದ್ಯಾವಯ್ಯನ ಅಂಗಡಿಗೆ ರಿಜಿಸ್ಟರ್ ಪೋಸ್ಟು ಬಂತು. ಕೈಯ ಗ್ರೀಸು ಒರೆಸಿಕೊಂಡು ಒಡೆದ. ‘ಈ ಸಂಸ್ಥೆಯ ನೌಕರರಾದ ಶ್ರೀ ದ್ಯಾವಯ್ಯ ಇವರು ಕರ್ತವ್ಯಕ್ಕೆ ಗೈರುಹಾಜರಾಗಿರುವುದಾಗಿ ಸಾರ್ವಜನಿಕರಿಂದ ದೂರು ಬಂದಿದ್ದು, ಏಳು ದಿನದೊಳಗೆ ಸಮಜಾಯಿಷಿ ನೀಡತಕ್ಕದ್ದು.’

ಊಟದ ಡಬ್ಬಿ ತಂದ ಬಸಮ್ಮ ಅವನ ಮುಖ ನೋಡಿ ಹೆದರಿದಳು. “ಏನಂತೆ? ಏನ್ ಬರ್ದವ್ರೆ?”

ದ್ಯಾವಯ್ಯ ಮೊದಲ ಸಾಲನ್ನು ಇನ್ನೊಮ್ಮೆ ಓದಿಕೊಂಡ.

“ನೌಕರ ಅಂತ ಬರ್ದವ್ರೆ ಕಣೆ,” ಎಂದ.