ಕಂಬ ಹತ್ತಿ ನಮ್ಮೂರನ್ನು ಹುಡುಕಿದ ಮಾದೇಶ

ಇವತ್ತು ನನ್ನ ಮೊಮ್ಮಗಳು ಚೈತ್ರ ನಮ್ಮ ಮನೆಯ ಟಿ.ವಿ.ಯಲ್ಲಿ ಓಡಿದಳು! ರಾಜ್ಯದ ತಂಡಕ್ಕೆ ಖೋ-ಖೋ ಆಡಿ, ಗೆದ್ದು, ಸನ್ಮಾನವೆಲ್ಲ ಮುಗಿಸಿ ಇವತ್ತು ಬೆಳಿಗ್ಗೆಯಷ್ಟೇ ಬಸ್ಸಿಳಿದು ಬಂದವಳು ನನ್ನ ಪಕ್ಕದಲ್ಲೇ ಕೂತಿದ್ದಳು. ಪರದೆಯ ಮೇಲೂ ಅವಳೇ. ಯಾವ ಕಡೆ ನೋಡಲಿ? ಕಣ್ಣು ಒರೆಸಿಕೊಳ್ಳುವಾಗ ನೆನಪಾದವನು ನಮ್ಮ ಬೀದಿಗೆ ಇಂಟರ್ನೆಟ್ ಲೈನ್ ಎಳೆದ ಕೇಬಲ್ ಮಾದೇಶ.

ಕೊಳ್ಳೇಗಾಲದ ಯಾವುದಾದರೂ ಕಂಬದ ಬುಡದಲ್ಲಿ ಒಂದು ಜೊತೆ ಚಪ್ಪಲಿ ಕಂಡರೆ ಮೇಲೆ ಮಾದೇಶ ಇದ್ದಾನೆಂದೇ ಲೆಕ್ಕ. ಬರಿಗಾಲಲ್ಲೇ ಹತ್ತುತ್ತಿದ್ದ. ಮನೆ ನಂಬರು ಅವನಿಗೆ ಬೇಡ. 'ಕಚ್ಚೋ ನಾಯಿ ಮನೆ', 'ನುಗ್ಗೆಮರದ ಮನೆ' ಎಂದರೆ ಸಾಕು. ನಮ್ಮದು 'ಮಗ್ಗದವ್ವನ ಮನೆ'. ಮಗ್ಗದ ಸದ್ದಿಲ್ಲದಿದ್ದರೆ ಬೀದಿಯಿಂದಲೇ, "ಯಾಕವ್ವಾ, ಉಸಾರಿಲ್ವಾ?" ಎಂದು ಕೂಗಿ ಹೋಗುತ್ತಿದ್ದ.

ಚೈತ್ರಾಳ ಮೊದಲ ಪಂದ್ಯದ ದಿನ ಬೀದಿಯವರನ್ನೆಲ್ಲ ಕರೆದು ಕೂರಿಸಿದ್ದೆ. ಟಿ.ವಿ.ಯ ಆಪ್ ಒತ್ತಿದರೆ ಬಂದದ್ದು ಒಂದೇ ಸಾಲು. ಮೂರನೇ ಕ್ಲಾಸಿನ ಓದು ನನ್ನದು, ಅಕ್ಷರ ಕೂಡಿಸಿ ಕೂಡಿಸಿ ಓದಿದೆ: 'ಈ ಕಾರ್ಯಕ್ರಮ ನಿಮ್ಮ ಪ್ರದೇಶದಲ್ಲಿ ಲಭ್ಯವಿಲ್ಲ.' ಮೈ ಉರಿದುಹೋಯಿತು. ಹುಟ್ಟಿದ್ದು ಯಳಂದೂರಿನ ಅಗರ, ಬಾಳುತ್ತಿರುವುದು ಕೊಳ್ಳೇಗಾಲ. ಇನ್ಯಾವ ಪ್ರದೇಶ ನನ್ನದು? ಮಗನ ಮೊಬೈಲಿನಲ್ಲಿ ನೋಡೋಣವೆಂದರೆ ಸಿಗ್ನಲ್ ಸಾಲದೆ ಚಕ್ರ ಸುತ್ತುತ್ತಲೇ ಇತ್ತು.

ಮಾದೇಶ ಓಡಿ ಬಂದ. "ಲೈನ್‌ಗೊಂದು ನಂಬರೈತೆ ಕಣವ್ವ. ಆಪ್‌ನೋರು ಮನೆ ನೋಡಲ್ಲ, ಆ ನಂಬರ್ ಯಾವೂರ್ದು ಅಂತ ನೋಡ್ತಾರೆ. ನಮ್ಗೆ ಲೈನ್ ಕೊಡೋ ಕಂಪನಿ ಈ ನಂಬರ್‌ಗಳ್ನ ಸಿಂಗಪುರದೋರತ್ರ ತಕಂಡೈತೆ. ಸೈಟು ಕೊಂಡಂಗೆ ಅನ್ಕಳಿ: ಜಾಗ ನಮ್ದಾಗೈತೆ, ಖಾತೆ ಬದ್ಲಾಗಿಲ್ಲ."

"ಅಂಗಾರೆ ನಾನೀಗ ಸಿಂಗಪುರದಲ್ಲಿವ್ನೇನ್ಲಾ?"

"ಕುಂತ್ಕಂಡೇ ಓಗಿದ್ದೀರಲ್ಲ, ಬಸ್ ಚಾರ್ಜೂ ಇಲ್ದೆ!"

ನಗು ಬರಲಿಲ್ಲ ನನಗೆ. ಒಳಗಿನಿಂದ ರೇಷನ್ ಕಾರ್ಡ್ ತಂದು, "ಇದ ಕಳ್ಸು ಅವ್ರಿಗೆ" ಎಂದೆ. ಅವನು ನಗಲಿಲ್ಲ. ಫೋಟೋ ಹಿಡಿದು, ನಂಬರಿನ ಊರು ಬದಲಿಸಿ ಎಂಬ ಅರ್ಜಿಯ ಜೊತೆ ಕಳಿಸಿದ. ದಿನಕ್ಕೊಂದು ಸಲ ಕಂಪನಿಗೆ ಫೋನು. ಒಮ್ಮೆ ನಮ್ಮ ಮನೆ ಮುಂದಿನ ಕಂಬದಿಂದಲೇ ಕೂಗಾಡುತ್ತಿದ್ದ: "ಲೊಕೇಶನ್ ಆನ್ ಮಾಡೋದೇನ್ ಬಂತಮ್ಮಾ? ಕೊಳ್ಳೇಗಾಲದ ಕಂಬದ ಮೇಲೇ ಇವ್ನಿ ನಾನು!"

ಫೈನಲ್ ಪಂದ್ಯ ಬಂದರೂ ಸಿಂಗಪುರ ಬಿಡಲಿಲ್ಲ. ಮಧುವನಹಳ್ಳಿಯ ತನ್ನ ತಂಗಿ ಮನೆಯಲ್ಲಿ ಬೇರೆ ಕಂಪನಿಯ ಲೈನಿದೆ ಎಂದು ಮಾದೇಶ ಗಾಡಿಗೆ ನನ್ನನ್ನು ಹತ್ತಿಸಿಕೊಂಡ. ದಾರಿಯಲ್ಲಿ ಯಾರೋ ಕೈ ಅಡ್ಡ ಹಾಕಿ, ಲಾರಿ ತಗುಲಿ ವೈರು ಕಿತ್ತುಹೋಗಿದೆ ಎಂದರು. ಈ ಮಹಾರಾಯ ಚಪ್ಪಲಿ ಬಿಟ್ಟು ಹತ್ತಿಯೇಬಿಟ್ಟ! ನಾವು ತಲುಪುವಾಗ ಪಂದ್ಯ ಮುಗಿದೇಹೋಗಿತ್ತು; ಪರದೆಯಲ್ಲಿ ಖಾಲಿ ಅಂಗಳ, ಹಗ್ಗ ಸುತ್ತಿಡುತ್ತಿದ್ದರು.

"ನಿನ್ನ ಕಂಬಕ್ಕಿಷ್ಟು ಬೆಂಕಿ ಆಕ!" ಎಂದೆ. ತಲೆ ತಗ್ಗಿಸಿದ. ಗಾಡಿ ತಿರುಗಿಸಿ, ನನ್ನನ್ನು ಮನೆ ಮುಂದೆ ಇಳಿಸಿ ಹೋದ.

ಮೂರನೆಯ ದಿನ ಬಂದು ಬಾಗಿಲಲ್ಲೇ ನಿಂತ. ಲೈನೆಲ್ಲ ಬೇರೆಯವರಿಗೆ ಒಪ್ಪಿಸಿದ್ದನಂತೆ, ಹನೂರಿನಾಚೆ ಹೆಂಡತಿಯ ಊರಿಗೆ ಬೇಸಾಯಕ್ಕೆ ಹೊರಟಿದ್ದ. ಬೈದದ್ದು ನನ್ನ ನಾಲಿಗೆಯ ತುದಿಯಲ್ಲಿ ಇನ್ನೂ ಉರಿಯುತ್ತಿತ್ತು, ವಾಪಸ್ಸು ತೆಗೆದುಕೊಳ್ಳಲು ಬಾಯಿ ಬರಲಿಲ್ಲ. "ಖಾತೆ ಬದ್ಲಾಯ್ತದೆ ಕಣವ್ವ. ಆಡಿದ್ದೆಲ್ಲ ಆಪ್‌ನಲ್ಲೇ ಇರ್ತದೆ. ದಿನಾ ಒಂದ್ಸಲ ಒತ್ತಿ ನೋಡಿ" ಎಂದು ಚಪ್ಪಲಿ ಮೆಟ್ಟಿಕೊಂಡು ಹೊರಟ.

ದಿನಾ ಒತ್ತಿದೆ, ದಿನಾ ಬೈದುಕೊಂಡೆ. ಇವತ್ತು ತೆರೆಯಿತು.

ಸಂಜೆ ಮಗ, ಸೊಸೆ, ಚೈತ್ರ, ನಾನು ಒಟ್ಟಿಗೆ ಕೂತೆವು. ಮುದ್ದೆ, ಹಿತಕಿದವರೆ ಸಾರು, ಶಾವಿಗೆ ಪಾಯಸ. ಚೈತ್ರಾಳ ಕೈಲಿ ಮಾದೇಶನಿಗೆ ಫೋನು ಮಾಡಿಸಿ ಸ್ಪೀಕರ್ ಹಾಕಿಸಿದೆ. "ನೀವು ಕರೆ ಮಾಡುತ್ತಿರುವ ಚಂದಾದಾರರು ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ" ಎಂದಿತು ಹೆಣ್ಣುದನಿ.

"ಅಜ್ಜೀ, ಸಾರು ಆರೋಯ್ತದೆ, ಉಣ್ಣು" ಎಂದಳು ಚೈತ್ರ.

"ಉಣ್ತೀನಿ ಕಣವ್ವ" ಎಂದೆ. "ಇನ್ನೊಂದ್ಸಲ ಮಾಡು."