ದೊರೆ ಕುರ್ಚಿಗೆ ಹಾಕಿದ ತೇಪೆ

ಬೂದಿಕೋಟೆಯಿಂದ ಎರಡು ಮೈಲಿ ಆಚೆಗಿನ ಆ ಹಳ್ಳಿಯಲ್ಲಿ ಓಬಳಮ್ಮ ಎಂದರೆ ಯಾರಿಗೂ ತಟ್ಟನೆ ಗೊತ್ತಾಗುತ್ತಿರಲಿಲ್ಲ. "ದೊರೆ ಕುರ್ಚಿ ಓಬಳಮ್ಮ" ಎಂದರೆ ಮಾತ್ರ, "ಓ, ಅವ್ಳಾ! ಅದೃಷ್ಟವಂತೆ ಬಿಡು" ಎನ್ನುತ್ತಿದ್ದರು. ಅವಳ ಗಂಡ ಚಿನ್ನದ ಗಣಿಯಿಂದ ಗುಲಗಂಜಿಯಷ್ಟು ಚಿನ್ನವನ್ನೂ ತರಲಿಲ್ಲ, ಆದರೆ ಗಣಿಯ ಬಿಳಿ ದೊರೆಗಳು ಕೂತಿದ್ದ ಚರ್ಮದ ಕುರ್ಚಿಯನ್ನು ಗಾಡಿಯ ಮೇಲೆ ಹೇರಿಕೊಂಡು ತಂದಿದ್ದ. ಪಟೇಲರ ಮನೆಯಲ್ಲೂ ಇಲ್ಲದ ಕುರ್ಚಿ! ಅದನ್ನು ಕಂಡರೆ ಓಬಳಮ್ಮನಿಗೆ ಮೈಯೆಲ್ಲ ಉರಿಯುತ್ತಿತ್ತು ಎಂಬುದು ಊರಿಗೆ ಗೊತ್ತಿರಲಿಲ್ಲ. ಹೇಳಿದ್ದರೂ ಯಾರು ನಂಬುತ್ತಿದ್ದರು?

ಅವಳು ಹದಿನಾರಕ್ಕೆ ಚಲಪತಿಯ ಕೈ ಹಿಡಿದು ಆ ಊರಿಗೆ ಬಂದವಳು. ಅವನಿಗೆ ಚಾಂಪಿಯನ್ ರೀಫ್ಸ್ ಗಣಿಯಲ್ಲಿ ನೆಲದೊಳಗಿನ ಕೆಲಸ. ವಾರವೆಲ್ಲ ಅಲ್ಲೇ ಗಣಿಯ ಲೈನ್ ಮನೆಯಲ್ಲಿ ನಾಲ್ಕು ಜನರ ಜೊತೆ ಇದ್ದು, ಶನಿವಾರ ಸಂಜೆಯ ರೈಲಿಗೆ ಬಂಗಾರಪೇಟೆಗೆ ಬಂದು, ಅಲ್ಲಿಂದ ಬಸ್ಸು ಸಿಕ್ಕರೆ ಬಸ್ಸು, ಇಲ್ಲದಿದ್ದರೆ ಕಾಲ್ನಡಿಗೆ. ಭಾನುವಾರ ಇಳಿಹೊತ್ತಿಗೆ ಮತ್ತೆ ಹೊರಡುತ್ತಿದ್ದ. ಹೊಲ, ಎರಡು ಎಮ್ಮೆ, ಅತ್ತೆ ಚಿಕ್ಕವೆಂಕಟಮ್ಮ, ಇವನ್ನೆಲ್ಲ ಬಿಟ್ಟು ಓಬಳಮ್ಮ ಗಂಡನ ಜೊತೆ ಹೋಗುವ ಹಾಗಿರಲಿಲ್ಲ. ಹದಿನೆಂಟು ವರ್ಷ ಹೀಗೇ ನಡೆಯಿತು. ಒಬ್ಬಳೇ ಮಗಳು ಬೆಳೆದು ಮುಳಬಾಗಿಲಿಗೆ ಸೊಸೆಯಾಗಿ ಹೋದಳು. ಶನಿವಾರದ ರಾತ್ರಿಗಳನ್ನಷ್ಟೇ ಕೂಡಿಸಿದರೆ ಓಬಳಮ್ಮ ಗಂಡನ ಜೊತೆ ಬಾಳಿದ್ದು ಮೂರು ವರ್ಷವೂ ತುಂಬುವುದಿಲ್ಲ. ಇದಕ್ಕೂ ಸಂಸಾರ ಅಂತಲೇ ಹೆಸರು!

ಐವತ್ತೇಳನೇ ಇಸವಿಯಲ್ಲಿ ಚಲಪತಿ ಪೂರ್ತಿಯಾಗಿ ಮನೆಗೆ ಬಂದ. ಎದೆಯೊಳಗೆ ಕಲ್ಲಿನ ಧೂಳು ಕೂತಿತ್ತು, ನಾಲ್ಕು ಹೆಜ್ಜೆಗೆ ಏದುಸಿರು. ಕೆಲಸ ಮುಗಿದಿತ್ತು. ಊರಿನವರು ಅಯ್ಯೋ ಎಂದರು, ಅತ್ತೆ ಮೂಗು ಸೀಟುತ್ತ ಅತ್ತಳು. ಓಬಳಮ್ಮನೂ ಅತ್ತಳು. ಆದರೆ ಒಳಗೊಳಗೆ, ದೇವರೇ ತಪ್ಪಾಯ್ತು ಅಂದುಕೊಳ್ಳುತ್ತಲೇ, ಅವಳಿಗೆ ಸಂತೋಷವಾಗಿತ್ತು. ಇನ್ನು ಭಾನುವಾರ ಬಂದರೆ ಹೆದರಬೇಕಾಗಿಲ್ಲವಲ್ಲ.

ಚಲಪತಿಗೆ ಅಂಗಾತ ಮಲಗಲು ಆಗುತ್ತಿರಲಿಲ್ಲ. ಮಲಗಿದರೆ ಯಾರೋ ಎದೆಯ ಮೇಲೆ ಕೂತ ಹಾಗೆ ಉಸಿರು ಕಟ್ಟುತ್ತಿತ್ತು. ರಾಗಿ ಮೂಟೆಗೆ ಒರಗಿಸಿದರೆ ಮೂಟೆ ಜಾರಿತು, ಗೋಡೆಗೆ ಒರಗಿಸಿದರೆ ಗೋಡೆಯ ತಣುಪು ಬೆನ್ನಿಗೆ ಹತ್ತಿ ಕೆಮ್ಮು ಹೆಚ್ಚಿತು. ಕೊನೆಗೆ ಓಬಳಮ್ಮ ಚಾಪೆ ಹಾಸಿ, ಅವನ ಬೆನ್ನಿಗೆ ತನ್ನ ಬೆನ್ನು ಕೊಟ್ಟು ಕೂತಳು. ಅವನು ಒರಗಿದ, ಕೆಮ್ಮು ತಗ್ಗಿತು, ನಿದ್ದೆ ಬಂತು. ನಾಲ್ಕು ತಿಂಗಳು ಹೀಗೇ ಕಳೆಯಿತು. ಅವಳ ಕಾಲು ಬಾತುಕೊಂಡಿತು, ಸೊಂಟ ಹಿಡಿದುಕೊಂಡಿತು. ಹಗಲು ಹೊಲದಲ್ಲಿ ಕುಡುಗೋಲು ಹಿಡಿದೇ ತೂಕಡಿಸುತ್ತಿದ್ದಳು. ಹಾಗಿದ್ದೂ ಅಷ್ಟು ಸುಖ ಅವಳು ಹಿಂದೆ ಕಂಡಿರಲಿಲ್ಲ.

ಚಲಪತಿಗೆ ಕಂಡದ್ದು ಬಾತ ಕಾಲು ಮಾತ್ರ. ಗಣಿ ಸರ್ಕಾರದ ಕೈಗೆ ಬಂದು ದೊರೆಗಳು ಗಂಟುಮೂಟೆ ಕಟ್ಟಿ ಸೀಮೆಗೆ ಹೊರಟ ಕಾಲ ಅದು. ಬಂಗಲೆಗಳ ಸಾಮಾನು ಹರಾಜಾಗುತ್ತಿತ್ತು. ಒಂದು ದಿನ ಮನೆಯಲ್ಲಿ ಯಾರಿಗೂ ಹೇಳದೆ ಗಾಡಿ ಕಟ್ಟಿಸಿಕೊಂಡು ಹೋಗಿ, ಅಗಲವಾದ ಕೈಗಳ, ಎತ್ತರದ ಬೆನ್ನಿನ ಈ ಕುರ್ಚಿಯನ್ನು ತಂದ. ಅದು ಬಾಗಿಲಲ್ಲಿ ಹಿಡಿಸದೆ, ಬಾಗಿಲ ಚೌಕಟ್ಟನ್ನೇ ಕಿತ್ತು ಕುರ್ಚಿಯನ್ನು ಒಳಗೆ ಸೇರಿಸಿ, ಚೌಕಟ್ಟನ್ನು ಮತ್ತೆ ಕೂಡಿಸಬೇಕಾಯಿತು.

"ಇದು ಯಾವ ಪ್ರಾಣಿ ಚರ್ಮನ್ಲಾ?" ಎಂದು ಅತ್ತೆ ಮಾರು ದೂರ ನಿಂತು ಕೇಳಿದಳು.

"ಎಮ್ಮೇದು ಕಣಮ್ಮ" ಎಂದ ಚಲಪತಿ. ಅವನಿಗೇನು ಗೊತ್ತು, ಮಣ್ಣು! ಅತ್ತೆ ಗಂಜಲ ಚಿಮುಕಿಸಿ ಸುಮ್ಮನಾದಳು. ಚಲಪತಿ ಕುರ್ಚಿಯಲ್ಲಿ ಒರಗಿ ಹೆಂಡತಿಯ ಕಡೆ ನೋಡಿ ನಕ್ಕ. "ಇನ್ಮೇಲೆ ನೀನು ಕಾಲು ಚಾಚಿ ಮಲಕ್ಕೊ ಓಬಳಿ. ನನ್ನ ಭಾರ ನಿನಗ್ಯಾಕೆ?"

ಓಬಳಮ್ಮನೂ ನಕ್ಕಳು. ಮತ್ತೇನು ಮಾಡಿಯಾಳು? ಅವಳಿಗಾಗಿಯೇ ತಂದ ಕುರ್ಚಿ. ಅವತ್ತಿನಿಂದ ಅವನು ಕುರ್ಚಿಯಲ್ಲಿ, ಇವಳು ಕೆಳಗೆ ಚಾಪೆಯಲ್ಲಿ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತಾರಲ್ಲ, ಹಾಗಾಯಿತು. ಮಗಳ ಬಾಣಂತನ ಮಾಡಿ ಮುಗಿಸಿದ ಹೆಂಗಸು, ನನ್ನ ಬೆನ್ನಿಗೆ ಒರಗು ಬಾ ಎಂದು ಯಾವ ಬಾಯಲ್ಲಿ ಕರೆದಾಳು? ಅತ್ತೆ ಅಲ್ಲೇ ಒರಳಿನ ಪಕ್ಕದಲ್ಲಿ ಮಲಗಿರುತ್ತಿದ್ದಳು. ಓಬಳಮ್ಮ ಬಾಯಿ ಹೊಲಿದುಕೊಂಡು ಮೂರು ವರ್ಷ ಕಳೆದಳು.

ಅರುವತ್ತೊಂದರ ಪುಷ್ಯಮಾಸದಲ್ಲಿ ಕುರ್ಚಿ ಕೈಕೊಟ್ಟಿತು. ಒಣಗಿ ಬಿರುಕು ಬಿಟ್ಟಿದ್ದ ಸೀಟು ಗೇಣುದ್ದ ಹರಿದು, ಒಳಗಿನ ಸ್ಪ್ರಿಂಗು ಎದ್ದು ಚಲಪತಿಯ ತೊಡೆಗೆ ಚುಚ್ಚಿತು. ಓಬಳಮ್ಮ ತನಗೆ ತಿಳಿದ ಹಾಗೆ ರಾಗಿಹಿಟ್ಟಿನ ಗಂಜಿ ಕಾಯಿಸಿ, ಹಳೇ ಸೀರೆಯ ತುಂಡು ಅಂಟಿಸಿದಳು. ಗಂಜಿಯ ವಾಸನೆಗೆ ಇಲಿಗಳು ಬಂದು ಹಬ್ಬ ಮಾಡಿದವು. ಬಟ್ಟೆಯೂ ಹೋಯಿತು, ಗೇಣಿದ್ದ ಹರಕು ಮೊಳವಾಯಿತು.

"ರಾಗಿ ಹಾಕಿ ಇಲಿ ಸಾಕ್ತಾಳೆ ನನ್ ಸೊಸೆ" ಎಂದಳು ಅತ್ತೆ.

ಚರ್ಮದ ಕೆಲಸಕ್ಕೆ ಊರಾಚೆಯ ಕೇರಿಯ ಮುನಿಶಾಮಪ್ಪನೇ ಬರಬೇಕು. ಗಣಿಯ ಬಂಗಲೆಗಳಲ್ಲಿ ಎಷ್ಟೋ ವರ್ಷ ಸೋಫಾ ರಿಪೇರಿ ಮಾಡಿದ ಮುದುಕ. ಬಂದವನು ಜಗಲಿಯ ಕೆಳಗೇ ನಿಂತ. ಕುರ್ಚಿ ಹೊರಗೆ ಬರುವಂತಿಲ್ಲ, ಅವನು ಒಳಗೆ ಬರುವುದಕ್ಕೆ ಅತ್ತೆ ಒಪ್ಪುವುದಿಲ್ಲ. ಚರ್ಮ ಒಳಗೆ ಬರಬಹುದಂತೆ, ಚರ್ಮ ಹದ ಮಾಡಿದ ಕೈ ಬರಬಾರದಂತೆ! ಇದ್ಯಾವ ಸೀಮೆಯ ನ್ಯಾಯವೋ, ಹೇಳಿದವರ ನಾಲಿಗೆಗೆ ಮುಳ್ಳು ಚುಚ್ಚ.

"ಗಣೀಲಿ ಎಲ್ರೂ ಒಂದೇ ಕಬ್ಬಿಣದ ತೊಟ್ಲಲ್ಲಿ ನಿಂತು ಕೆಳಕ್ಕೆ ಇಳೀತಿದ್ವಿ ಕಣಮ್ಮ" ಎಂದು ಚಲಪತಿ ಗೊಣಗಿದ. ಅತ್ತೆ ಕೇಳಿಸದವಳಂತೆ ಅವರೆಕಾಯಿ ಸುಲಿಯುತ್ತಿದ್ದಳು.

ಮುನಿಶಾಮಪ್ಪನೇ ದಾರಿ ಮಾಡಿದ. "ಓಗ್ಲಿ ಬುಡವ್ವ. ನಾನು ಕಿಟಕಿತಾವ ಕುಂತು ಬಾಯಲ್ಲಿ ಯೋಳ್ತೀನಿ, ನೀನು ಕೈಯಲ್ಲಿ ಮಾಡು."

"ನನ್ ಕೈಲಾಯ್ತದಾ ಅಣ್ಣಾ?"

"ರೊಟ್ಟಿ ತಟ್ಟೋ ಕೈಗೆ ಏನ್ ಬರಲ್ಲ ಯೋಳು?"

ಅವಳು ಸೀಟಿನ ಅಂಚಿನ ಹಿತ್ತಾಳೆ ಮೊಳೆಗಳನ್ನು ಒಂದೊಂದಾಗಿ ಕಿತ್ತು ಚರ್ಮ ಎತ್ತಿದಳು. ಎದ್ದ ಸ್ಪ್ರಿಂಗನ್ನು ಹುರಿಯಿಂದ ಬಿಗಿದು ಕಟ್ಟಿದಳು. ಕುಸಿದಿದ್ದ ಕಡೆ ತೆಂಗಿನ ನಾರು ತುಂಬಿದಳು. ಹರಿದದ್ದನ್ನು ಮೇಲಿಂದ ಹೊಲಿಯಹೊರಟಾಗ ಮುದುಕ ಕಿಟಕಿಯಿಂದಲೇ ಕೂಗಿದ, "ದಬ್ಬಳ ಇಕ್ಕಬ್ಯಾಡ! ಅಳೇ ಚರ್ಮ, ಹೊಲುದ್ರೆ ಅಂಗೇ ಪರ್ರಂತ ಕಿತ್ಕೊಂಡು ಬತ್ತದೆ. ತೇಪೆ ಒಳಗಿಂದ ಅಂಟಿಸ್ಬೇಕು." ಹರಕಿಗಿಂತ ನಾಲ್ಕು ಬೆರಳು ಅಗಲದ ಕುರಿಚರ್ಮದ ತೇಪೆಯನ್ನು ಕಿಟಕಿಯ ಸರಳಿನೊಳಗಿಂದ ಕೊಟ್ಟ. ಹುಣಸೆಬೀಜ ಹುರಿದು, ಅರೆದು, ಬೇಯಿಸಿದ ಅಂಟನ್ನು ಅದಕ್ಕೆ ಸವರಿ ಒಳಗೆ ತೂರಿಸಿ, ಹರಕಿನ ಎರಡು ಅಂಚನ್ನೂ ಕೂದಲೆಳೆ ಸಂದಿಲ್ಲದಂತೆ ಕೂಡಿಸಿದಳು. ಮೊಳೆ ಬಡಿದು, ಚರ್ಮಕ್ಕೆಲ್ಲ ಹರಳೆಣ್ಣೆ ತಿಕ್ಕಿದಳು. ಹೊತ್ತು ಇಳಿಯುವಷ್ಟರಲ್ಲಿ ಕೆಲಸ ಮುಗಿಯಿತು. ಓಬಳಮ್ಮ ಮುದುಕನಿಗೆ ತನ್ನದೇ ಲೋಟದಲ್ಲಿ ಕಾಫಿ ಕೊಟ್ಟಳು. ಅತ್ತೆ ಲೋಟದ ಕಡೆ ನೋಡಿ, ಮತ್ತೆ ಅವರೆಕಾಯಿಗೆ ಕೈ ಹಾಕಿದಳು.

"ಸೀಟಿನ ಮ್ಯಾಲೆ ಗುಂಡುಕಲ್ಲು ಇಕ್ಬುಡು. ಒಂದು ಅಗಲು ಒಂದು ರಾತ್ರಿ ಯಾರೂ ಕೂರಬಾರ್ದು" ಎಂದ ಮುನಿಶಾಮಪ್ಪ. "ಆಮೇಲೆ ಬೆರಳಲ್ಲಿ ಬಡುದು ನೋಡು. ಟಕ್ಕಂದ್ರೆ ಒಣಗೈತೆ. ಬೊದ್ದಂದ್ರೆ ಒಳಗೆ ಇನ್ನೂ ಅಸಿ ಅಂತ."

ಅವನು ಹೋದಮೇಲೆ ಓಬಳಮ್ಮ ಒರಳಿನ ಗುಂಡುಕಲ್ಲನ್ನು ತಂದು ಸೀಟಿನ ಮೇಲೆ ಹೇರಿದಳು. ರಾತ್ರಿ ಉಂಡಾದ ಮೇಲೆ ಚಲಪತಿ, "ಒಂದಿನ ತಾನೆ, ಗೋಡೆಗೆ ಒರಗ್ತೀನಿ ಬುಡು" ಎಂದ. ಓಬಳಮ್ಮ ಚಾಪೆ ಹಾಸಿ, ಗೋಡೆಗೂ ಅವನಿಗೂ ನಡುವೆ ಬಂದು ಬೆನ್ನು ಕೊಟ್ಟು ಕೂತಳು.

"ಬ್ಯಾಡ ಕಣೆ, ಸೊಂಟ ನೋಯ್ತದೆ."

"ನೋಯ್ಲಿ."

ಅತ್ತೆ ಇದ್ದಕ್ಕಿದ್ದಂತೆ ಎದ್ದು ತನ್ನ ಚಾಪೆ, ಕಂಬಳಿ ಸುತ್ತಿಕೊಂಡಳು. "ಅಬ್ಬಬ್ಬಾ, ಒಳಗೆ ಏನ್ ಸೆಕೆ! ಜಗಲೀಲಿ ಬಿದ್ಕೊಂತೀನಿ" ಎಂದು ಬಾಗಿಲು ಎಳೆದುಕೊಂಡು ಹೋದಳು. ಪುಷ್ಯದ ಚಳಿಗೆ ಎಮ್ಮೆಗಳೂ ನಡುಗುತ್ತಿದ್ದವು. ಬಾಯಿ ಜೋರಾದರೂ ಮುದುಕಿ ಕೆಟ್ಟವಳಲ್ಲ.

ಚಲಪತಿ ಮೊದಲು ಬಿಗಿಯಾಗಿಯೇ ಕೂತಿದ್ದ, ಭಾರ ಬಿಡಲು ಅಂಜುತ್ತ. ಆಮೇಲೆ ಸ್ವಲ್ಪ ಸ್ವಲ್ಪವೇ ಒರಗಿದ. ಆ ಮೈ ಎಷ್ಟು ಹಗುರವಾಗಿಬಿಟ್ಟಿದೆ ಎಂದು ಓಬಳಮ್ಮನಿಗೆ ಆಗಲೇ ಗೊತ್ತಾದದ್ದು. ಮೂರು ವರ್ಷದ ಹಿಂದಿನ ಅರ್ಧವೂ ಇರಲಿಲ್ಲ. ಅವನು ಇನ್ನು ಬಹಳ ದಿನ ಇರುವುದಿಲ್ಲ ಎಂದು ಅವಳ ಬೆನ್ನಿಗೆ ತಿಳಿಯಿತು. ಕಣ್ಣೀರು ತಾನಾಗಿ ಇಳಿಯಿತು, ಆದರೆ ಅಳುವಿಗೆ ಮೈ ಅಲುಗಿದರೆ ಅವನಿಗೆ ಎಚ್ಚರವಾದೀತೆಂದು ಹಲ್ಲು ಕಚ್ಚಿ ಕೂತಳು. ಬೆಳಗಿನ ಜಾವದವರೆಗೆ ಅವನು ಒಮ್ಮೆಯೂ ಕೆಮ್ಮಲಿಲ್ಲ.

ಬೆಳಗಾಯಿತು. ಹೊತ್ತೇರಿತು. ಸಂಜೆಯ ಹೊತ್ತಿಗೆ ಮುನಿಶಾಮಪ್ಪ ಹೇಳಿದ ಗಡುವು ಮುಗಿಯಿತು. ಓಬಳಮ್ಮ ಕಲ್ಲು ಇಳಿಸಿ ಸೀಟಿನ ಮೇಲೆ ಕೈಯಾಡಿಸಿದಳು. ತೇಪೆ ಒಣಗಿ ಹಲಗೆಯಾಗಿತ್ತು.

"ಒಣಗ್ತಾ?" ಎಂದು ಜಗಲಿಯಿಂದ ಅತ್ತೆ ಕೇಳಿದಳು.

"ಇಲ್ಲ ಅತ್ತೆ. ಚಳಿಗೆ ಬೇಗ ಒಣಗಲ್ಲಂತೆ. ಇನ್ನೂ ಅಸಿ ಐತೆ." ಹುಟ್ಟಿದಂದಿನಿಂದ ಅವಳು ಅಂಥ ಸುಳ್ಳು ಹೇಳಿದವಳಲ್ಲ. ಕಿವಿ ತುದಿಯವರೆಗೆ ಬಿಸಿಯಾಯಿತು.

ಚಲಪತಿ ಗೋಡೆ ಹಿಡಿದು ಎದ್ದು ಬಂದ. "ಎಲ್ಲಿ, ನೋಡಣ" ಎಂದು ಕುರ್ಚಿಯ ಮುಂದೆ ಬಗ್ಗಿದ. ಇಪ್ಪತ್ತು ವರ್ಷ ನೆಲದೊಳಗೆ ತಲೆ ಮೇಲಿನ ಬಂಡೆಯನ್ನು ಬಡಿದು, ಅದು ಗಟ್ಟಿಯೋ ಸಡಿಲವೋ ಎಂದು ಸದ್ದಿನಲ್ಲೇ ತಿಳಿದು ಜೀವ ಉಳಿಸಿಕೊಂಡ ಮನುಷ್ಯ ಅವನು. ಓಬಳಮ್ಮನಿಗೆ ಅದು ನೆನಪಾದದ್ದು ಆಗಲೇ. ಈಗ ಸುಳ್ಳು ಬಯಲಾಗುತ್ತದೆ, ನಾಚಿಕೆಯಲ್ಲಿ ಸಾಯಬೇಕು, ಅವನು ಮತ್ತೆ ಕುರ್ಚಿಗೆ ಹೋಗುತ್ತಾನೆ.

ಅವನು ಬೆರಳ ಗಿಣ್ಣಿನಿಂದ ತೇಪೆಯ ಮೇಲೆ ಬಡಿದ. ಟಕ್. ಇನ್ನೊಮ್ಮೆ ಬಡಿದ. ಟಕ್. ಜಗಲಿಯಲ್ಲಿದ್ದ ಮುದುಕಿಗೂ ಕೇಳಿಸುವಷ್ಟು ಸ್ಪಷ್ಟ.

ಚಲಪತಿ ಬಗ್ಗಿದವನು ಹಾಗೇ ಇದ್ದು ಹೆಂಡತಿಯ ಮುಖ ನೋಡಿದ. ಅವಳು ನೆಲ ನೋಡುತ್ತಿದ್ದಳು. ಬಹಳ ಹೊತ್ತು ನೋಡಿದ, ಮೂರು ವರ್ಷ ಅರ್ಥವಾಗದೆ ಹೋದದ್ದು ಅರ್ಥವಾಗುವವರೆಗೆ ನೋಡಿದ. ಅವನ ಕಣ್ಣುಗಳು ತುಂಬಿಕೊಂಡವು.

"ಔದಮ್ಮೋ" ಎಂದು ಬಾಗಿಲ ಕಡೆ ತಿರುಗಿ ಕೂಗಿದ. "ಒಳಗೆಲ್ಲ ಇನ್ನೂ ಅಸಿ. ಎಷ್ಟು ದಿನ ಇಡೀತದೋ ಏನೋ."

"ಒಣಗ್ಲಿ ಬುಡ್ಲಾ, ಅವಸ್ರ ಏನೈತೆ" ಎಂದಳು ಮುದುಕಿ.

ಓಬಳಮ್ಮ ಗುಂಡುಕಲ್ಲನ್ನು ಎರಡೂ ಕೈಯಲ್ಲಿ ಎತ್ತಿ ಮತ್ತೆ ಸೀಟಿನ ಮೇಲೆ ಇಟ್ಟಳು.