ಅಜ್ಜ ಕೇಳಿದ ಕೀವಿನ ಪಾಲು

ನನ್ನ ಕುತ್ತಿಗೆಯಲ್ಲಿ ನೆಲ್ಲಿಕಾಯಿ ಗಾತ್ರದ ಗಂಟುಗಳು ಎದ್ದಾಗ ನಾನು ಹೈಸ್ಕೂಲಿನ ಹುಡುಗಿ. ಆಗ ಕೊಡಗು ಬೇರೆಯೇ ರಾಜ್ಯ. ನಮ್ಮ ಮನೆಯಲ್ಲಿ ಅಜ್ಜನ ರಾಜ್ಯ. ಅವ್ವನ ಅಪ್ಪ ಅವನು. ಅವ್ವ ಕ್ಷಯದಿಂದ ಕೆಮ್ಮಿ ಕೆಮ್ಮಿ ತೀರಿಹೋದ ಮೇಲೆ ನನ್ನನ್ನು ಸಾಕಿದವನು. "ಇದು ಮಂಗನಬಾವು, ಮತ್ತೆಂತದೂ ಅಲ್ಲ" ಎಂದು ತೀರ್ಪು ಕೊಟ್ಟು ದಿನಾ ಹಂದಿಯ ನೆಣ ತಿಕ್ಕಿದ. ಗಂಟು ಕರಗಲಿಲ್ಲ, ಊರಿನ ನಾಯಿಗಳೆಲ್ಲ ನನ್ನ ಬೆನ್ನು ಹತ್ತಿದವು. ಯಾರಾದರೂ ಕ್ಷಯ ಎಂದರೆ ಸಾಕು, ಅಜ್ಜ ಕೆಂಡ ಕಾರುತ್ತಿದ್ದ.

ಕೊನೆಗೆ ಮಡಿಕೇರಿಯ ಒಬ್ಬ ಡಾಕ್ಟರ ಹತ್ತಿರ ಹೋದೆವು. ಅವರು ಗಂಟು ಮುಟ್ಟಿ ನೋಡಿ, "ಒಂದು ಮೆತ್ತಗಾಗಿದೆ. ಸೂಜಿ ಹಾಕಿ ಒಳಗಿನದನ್ನು ಎಳೆದು ನೋಡಿದರೆ ಕ್ಷಯವೋ ಅಲ್ಲವೋ ಗೊತ್ತಾಗ್ತದೆ" ಎಂದರು. ಸೂಜಿ ಕಂಡದ್ದೇ ನಾನು ಹಿಂದಕ್ಕೆ ಸರಿದೆ.

"ಉಸಿರು ಹಿಡಿ ಕೂಸೇ, ಅಲ್ಲಾಡಬೇಡ!" ಎಂದು ಅಜ್ಜ ಪಿಸುಗುಟ್ಟಿದ, ಕಾಡಿನಲ್ಲಿ ಹಂದಿಗೆ ಹೊಂಚು ಹಾಕಿದವನ ಹಾಗೆ.

"ಈಡು ಹೊಡೆಯುವುದು ನಾನು. ನೀವು ಸುಮ್ಮನಿರಿ ಮಾರಾಯ್ರೇ" ಎಂದರು ಡಾಕ್ಟರು.

ಸಿರಿಂಜಿಗೆ ಹಳದಿ ಕೀವು ಬಂತು. ಅದನ್ನು ಗಾಜಿಗೆ ಸವರಲು ಹೊರಟರೆ ಅಜ್ಜ ಅಡ್ಡ ನಿಂತ.

"ನಮ್ಮ ಪಾಲು ಕೊಡಿ."

"ಎಂತ ಪಾಲು?"

"ಬೇಟೆಯಲ್ಲಿ ಹೊಡೆದವನಿಗೆ ಮಾತ್ರವಾ? ಜೊತೆಗೆ ಹೋದವನಿಗೂ ಪಾಲುಂಟು, ನಾಯಿಗೂ ಉಂಟು ಡಾಕ್ಟ್ರೇ! ಅರ್ಧ ಕೊಡಿ, ಪೊನ್ನಂಪೇಟೆಯ ನಾಟಿಮದ್ದಿನ ಪಂಡಿತರಿಗೆ ತೋರಿಸ್ತೇನೆ. ನೀವೊಬ್ಬರೇ ನೋಡಿ ಕ್ಷಯ ಅಂದ್ರೆ ನಾನು ಒಪ್ಪುವವನಲ್ಲ."

ಹೀಗೆನ್ನುತ್ತ ಕೋಟಿನ ಜೇಬಿನಿಂದ ಬಾಡಿಸಿದ ಬಾಳೆಎಲೆಯ ತುಂಡೊಂದನ್ನು ತೆಗೆದ. ಮನೆಯಿಂದಲೇ ತಂದಿದ್ದ, ಪುಣ್ಯಾತ್ಮ! ನನಗೋ ನಾಚಿಕೆಯಿಂದ ಭೂಮಿಗಿಳಿದುಹೋಗುವ ಹಾಗಾಯಿತು.

ಡಾಕ್ಟರು ನಕ್ಕುಬಿಟ್ಟರು. "ಪಾಲು ಬೇಡ, ಕಣ್ಣಾರೆ ನೋಡಿ" ಎಂದು ಕೀವನ್ನು ಗಾಜಿಗೆ ಸವರಿ, ಬಣ್ಣ ಹಾಕಿ, ಬಿಸಿ ಮಾಡಿ, ತೊಳೆದು, ಅಜ್ಜನನ್ನು ಮೈಕ್ರೊಸ್ಕೋಪಿನ ಮುಂದೆ ಕೂರಿಸಿದರು. ಒಂದು ಕಣ್ಣು ಮುಚ್ಚುವುದನ್ನು ಕೋವಿ ಹಿಡಿದು ಪಳಗಿದ ಅವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

"ಕಂಡಿತು. ನೀಲಿಯ ನಡುವೆ ಕೆಂಪು ಕಡ್ಡಿ. ಎಂತದದು?"

"ಕ್ಷಯದ ರೋಗಾಣು."

ಅಜ್ಜ ಜಗಳಕ್ಕೆ ಏಳುತ್ತಾನೆಂದು ನಾನು ಹೆದರಿದೆ. ಅವನು ಕಣ್ಣು ಕೀಳಲೇ ಇಲ್ಲ.

"ಇಷ್ಟೇನಾ?" ಎಂದ. "ನನ್ನ ಮಗಳನ್ನು ತಿಂದದ್ದು ಇಷ್ಟು ಸಣ್ಣದಾ?"

"ಈಗ ಇದಕ್ಕೆ ಇಂಜೆಕ್ಷನ್ ಬಂದಿದೆ ಅಜ್ಜ. ಇವಳು ಗುಣವಾಗ್ತಾಳೆ."

"ಆಗಲೂ ಇದ್ದಿದ್ದರೆ..." ಎಂದವನು ಅಲ್ಲೇ ಬಿಕ್ಕಿ ಬಿಕ್ಕಿ ಅತ್ತ. ಅವ್ವನ ಸಾವಿನ ದಿನವೂ ಅವನು ಅತ್ತದ್ದನ್ನು ನಾನು ಕಂಡಿರಲಿಲ್ಲ. ನನಗೂ ತಡೆಯಲಾಗಲಿಲ್ಲ.

ಆಮೇಲೆ ಮುಖ ಒರೆಸಿಕೊಂಡು ನನ್ನ ರವಿಕೆಯ ತೋಳನ್ನು ತಾನೇ ಮೇಲೆ ಸರಿಸಿದ.

"ಇವತ್ತೇ ಚುಚ್ಚಿ ಡಾಕ್ಟ್ರೇ. ನಾಳೆ ಅನ್ನಬೇಡಿ."